ಸಂಬದ್ಧ ಕೋಷ್ಟಕಗಳಲ್ಲಿ ಲೋಪವಿಧಿ

ನಿಮಿತ್ತವು ಹೋದ ಬಳಿಕ ಅದರಿಂದುಂಟಾದ ಕಾರ್ಯವು ಉಳಿಯತಕ್ಕದ್ದೋ ಹೋಗತಕ್ಕದ್ದೋ ಎಂಬ ವಿಚಾರವು ವೈಯಾಕರಣರಲ್ಲಿ ಪ್ರಸಿದ್ಧವಾದುದು. ಗಣಕಯಂತ್ರದ ಡೇಟಾಬೇಸುಗಳಲ್ಲಿಯೂ ಇದೇ ಪ್ರಶ್ನೆಯು ಬೇರೊಂದು ರೂಪದಿಂದ ಎದ್ದಿತು. ಅದಕ್ಕೆ ದೊರೆತ ಉತ್ತರಗಳ ಚರಿತ್ರೆಯನ್ನೂ, ಆ ವಿಧಿಯನ್ನು ಎಲ್ಲಿ ಬರೆದಿಡಬೇಕೆಂಬುದನ್ನೂ ಇಲ್ಲಿ ಸಂಕ್ಷೇಪವಾಗಿ ವಿಚಾರಿಸುವೆವು.

ಪುಸ್ತಕಭಂಡಾರವೊಂದರ ಸೂಚಿಯನ್ನು ಉದಾಹರಣೆಯಾಗಿಟ್ಟುಕೊಳ್ಳೋಣ. ಅದರಲ್ಲಿ ಕರ್ತೃಗಳದೊಂದು ಕೋಷ್ಟಕ, ಕೃತಿಗಳದೊಂದು ಕೋಷ್ಟಕ. ಪ್ರತಿಯೊಂದು ಕೃತಿಯ ಸಾಲಿನಲ್ಲಿಯೂ ಅದರ ಕರ್ತೃವಿನ ಕ್ರಮಾಂಕವಿರುವುದು. ಹೀಗೆ ಮತ್ತೊಂದು ಕೋಷ್ಟಕದ ಸಾಲನ್ನು ನಿರ್ದೇಶಿಸುವ ಅಂಕಕ್ಕೆ ಫಾರಿನ್ ಕೀ ಎಂದು ಹೆಸರು. ಐಬಿಎಂ ಸಂಸ್ಥೆಯ ಇ. ಎಫ್. ಕಾಡ್ ಅವರು 1970ರಲ್ಲಿ ಪ್ರಕಟಿಸಿದ ಮೂಲಪ್ರಬಂಧದಲ್ಲಿಯೇ ಈ ಸಂಜ್ಞೆಯು ದೊರೆಯುತ್ತದೆ. ಈಗ ಕರ್ತೃವಿನ ಸಾಲನ್ನು ಅಳಿಸಿದರೆ ಅವನ ಕೃತಿಗಳ ಗತಿಯೇನು?

ಕಾಡ್ ಅವರ ಮತವನ್ನನುಸರಿಸಿ ಹುಟ್ಟಿದ ಎಸ್‌ಕ್ಯೂಎಲ್ ಭಾಷೆಗೆ 1986ರಲ್ಲಿ ಅಮೆರಿಕದ ಪ್ರಮಾಣಗ್ರಂಥವು ಸಿದ್ಧವಾಯಿತು. 1989ರ ಪರಿಷ್ಕರಣದಲ್ಲಿ ಫಾರಿನ್ ಕೀಗೆ ಸ್ಥಾನ ದೊರೆಯಿತಾದರೂ, ಲೋಪಕಾಲದ ಕ್ರಮಗಳು ಸ್ಪಷ್ಟವಾಗಿ ವಿಹಿತವಾದುದು 1992ರಲ್ಲಿ. ಅವು ನಾಲ್ಕು. 'ನೋ ಆಕ್ಷನ್' ಎಂದರೆ, ಕೃತಿಗಳಿರುವವರೆಗೆ ಕರ್ತೃವನ್ನು ಅಳಿಸಲಾಗದು. 'ಕ್ಯಾಸ್ಕೇಡ್' ಎಂದರೆ, ಕರ್ತೃವಿನೊಡನೆ ಕೃತಿಗಳೂ ಹೋಗುವುವು. 'ಸೆಟ್ ನಲ್' ಎಂದರೆ, ಕೃತಿಗಳು ಅಜ್ಞಾತಕರ್ತೃಕಗಳಾಗಿ ಉಳಿಯುವುವು. 'ಸೆಟ್ ಡಿಫಾಲ್ಟ್' ಎಂದರೆ, ಮೊದಲೇ ಗೊತ್ತುಮಾಡಿದ ಬೇರೊಂದು ಕ್ರಮಾಂಕಕ್ಕೆ ಸೇರುವುವು. ಇವುಗಳಲ್ಲಿ ಯಾವುದು ಯುಕ್ತವೆಂಬುದನ್ನು ಯಂತ್ರವು ಹೇಳಲಾರದು. ವಿಷಯವನ್ನು ಬಲ್ಲವನೇ ಹೇಳಬೇಕು.

ಈ ನಡುವೆ ಪ್ರೋಗ್ರಾಮಿನ ವಸ್ತುಗಳಿಗೂ ಕೋಷ್ಟಕದ ಸಾಲುಗಳಿಗೂ ಹೊಂದಿಕೆ ಕಲ್ಪಿಸುವ ಓಆರ್‌ಎಂ ಎಂಬ ಸಾಧನಗಳು ಬಳಕೆಗೆ ಬಂದವು. 2001ರಲ್ಲಿ ಹೈಬರ್ನೇಟ್, 2005ರಲ್ಲಿ ಜ್ಯಾಂಗೋ ಹೊರಬಂದವು. ಇವುಗಳಿಂದ ಲೋಪವಿಧಿಗೆ ಎರಡನೆಯ ಸ್ಥಾನವೊಂದು ಉಂಟಾಯಿತು. ಜ್ಯಾಂಗೋ ಕ್ಯಾಸ್ಕೇಡನ್ನು ಪ್ರೋಗ್ರಾಮಿನೊಳಗೇ ಅನುಕರಿಸುತ್ತಿದ್ದಿತು. ಬೇರೆ ಕ್ರಮವನ್ನು ಆರಿಸಿಕೊಳ್ಳುವ ಅವಕಾಶವು 2011ರಲ್ಲಿ ಬಂದಿತು. 2017ರಿಂದ ಕ್ರಮವನ್ನು ಬಾಯಿಬಿಟ್ಟು ಹೇಳುವುದೇ ಕಡ್ಡಾಯವಾಯಿತು.

ಜಾವಾ ಭಾಷೆಯವರು 2006ರಲ್ಲಿ ರಚಿಸಿದ ಜೆಪಿಎ ಎಂಬ ನಿಬಂಧನೆಯಲ್ಲಿ ಇದಕ್ಕಿಂತ ಸೂಕ್ಷ್ಮವಾದ ವಿಷಯವಿದೆ. ವಸ್ತುವನ್ನು ಒಂದೊಂದಾಗಿ ತೆಗೆದರೆ ಅಲ್ಲಿ ಘೋಷಿಸಿದ ಕ್ಯಾಸ್ಕೇಡ್ ಪ್ರವರ್ತಿಸುವುದು. ಒಂದೇ ವಾಕ್ಯದಿಂದ ಅನೇಕ ಸಾಲುಗಳನ್ನು ಅಳಿಸಿದರೆ ಅದು ಪ್ರವರ್ತಿಸದು. ಅಂತಹ ವಾಕ್ಯದಲ್ಲಿ ಅಳಿಸತಕ್ಕ ವರ್ಗವು ಒಂದೇ; ಸಂಬದ್ಧ ಕೋಷ್ಟಕವನ್ನು ನೋಡಿ ಅಳಿಸಬೇಕಾದರೆ ಉಪವಾಕ್ಯವನ್ನು ಆಶ್ರಯಿಸಬೇಕು. 'ಯಾವ ಕರ್ತೃಗಳ ಕೃತಿಗಳು ತ್ಯಾಜ್ಯವೆಂದು ಗುರುತಾಗಿವೆಯೋ ಆ ಕರ್ತೃಗಳನ್ನು ಅಳಿಸು' ಎಂಬ ವಾಕ್ಯವನ್ನು ತೆಗೆದುಕೊಳ್ಳಿ. ಇಲ್ಲಿ ಕೃತಿಗಳ ಕೋಷ್ಟಕವು ಲಕ್ಷಣಮಾತ್ರ. ಲೋಪವು ಕರ್ತೃಗಳಿಗೆ ಮಾತ್ರ. ಫಾರಿನ್ ಕೀಯ ನಿಯಮವು ಡೇಟಾಬೇಸಿನಲ್ಲಿ ಇಲ್ಲದಿದ್ದರೆ, ಇಲ್ಲದ ಕರ್ತೃವನ್ನು ನಿರ್ದೇಶಿಸುತ್ತ ಕೃತಿಗಳು ಅನಾಥವಾಗಿ ನಿಲ್ಲುವುವು. ಯಾರಿಗೂ ಎಚ್ಚರಿಕೆ ದೊರೆಯದು.

ಪ್ರೋಗ್ರಾಮಿನಲ್ಲಿಯೇ ವಿಧಿಯಿದ್ದರೆ ಲೋಪದೊಡನೆ ಇತರ ಕಾರ್ಯಗಳನ್ನೂ ನಡೆಸಬಹುದೆಂಬ ಪೂರ್ವಪಕ್ಷವುಂಟು. ಅದು ನಿಜವೇ. ಆದರೆ ಒಂದೇ ಕೋಷ್ಟಕವನ್ನು ಅನೇಕ ಪ್ರೋಗ್ರಾಮುಗಳು ಮುಟ್ಟುವುವು. ಒಂದರಲ್ಲಿ ಬರೆದ ನಿಯಮವು ಮತ್ತೊಂದನ್ನು ಬಂಧಿಸದು. ಆದುದರಿಂದ ಮೂಲವಿಧಿಯು ಕೋಷ್ಟಕದೊಡನೆಯೇ ಇರತಕ್ಕದ್ದು. ಓಆರ್‌ಎಂನಲ್ಲಿ ಹೇಳುವುದು ಅದರ ಅನುವಾದವಾಗಿರತಕ್ಕದ್ದು. ಸಂದೇಹವಿರುವಲ್ಲಿ ನಿಷೇಧವೇ ಶ್ರೇಯಸ್ಕರ. ತಡೆದುದನ್ನು ನಾಳೆ ಅಳಿಸಬಹುದು. ಪ್ರತಿಯಿಲ್ಲದೆ ಅಳಿಸಿದ ಕೃತಿಯನ್ನು ಮರಳಿ ಬರೆಯಲಾಗದು.