ಹಿತ್ತಲ ಬಾಗಿಲು ಎಲ್ಲಿ ಹೋಯಿತು?

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಪತ್ನೀಸಮೇತನಾಗಿ ನಮ್ಮ ಮನೆಗೆ ಬಂದಿದ್ದನು. ಮೈಸೂರಿನ ಹೊರವಲಯದಲ್ಲಿ 20ಕ್ಕೆ 30 ಅಡಿಯ ನಿವೇಶನವೊಂದನ್ನು ಕೊಂಡಿದ್ದಾನೆ. ಮನೆಯ ನಕ್ಷೆಯನ್ನು ಮೇಜಿನ ಮೇಲೆ ಹರಡಿ, "ಸಾರ್, ತಾವು ಒಮ್ಮೆ ನೋಡಿ ಹೇಳಬೇಕು" ಎಂದನು. ನಾನು ಕಲಿಸಿದ್ದು ಸಮಾಜ ವಿಜ್ಞಾನ; ಮನೆ ಕಟ್ಟಿಸಿದ್ದು ಜೀವಮಾನದಲ್ಲಿ ಒಂದೇ ಸಲ. ಆದರೂ ಮೇಷ್ಟ್ರಿಗೆ ಎಲ್ಲವೂ ಗೊತ್ತಿರುತ್ತದೆ ಎಂಬ ನಂಬಿಕೆ ಹಳೆಯ ವಿದ್ಯಾರ್ಥಿಗಳಲ್ಲಿ ಇನ್ನೂ ಉಳಿದಿದೆಯಲ್ಲ! ಕನ್ನಡಕ ಹಾಕಿಕೊಂಡು ನೋಡತೊಡಗಿದೆ.

ಹಾಲು, ಅಡುಗೆಮನೆ, ಎರಡು ಮಲಗುವ ಕೋಣೆ, ಎರಡಕ್ಕೂ ಅಂಟಿಕೊಂಡ ಶೌಚಾಲಯ, ಅಂಗೈಯಗಲದ ದೇವರ ಗೂಡು. ಎಲ್ಲವೂ ಅಚ್ಚುಕಟ್ಟು. ಆದರೆ ನನ್ನ ಕಣ್ಣು ಅಭ್ಯಾಸಬಲದಿಂದ ಒಂದು ವಸ್ತುವನ್ನು ಹುಡುಕುತ್ತಿತ್ತು. "ಹಿತ್ತಲ ಬಾಗಿಲು ಎಲ್ಲಪ್ಪಾ?" ಎಂದು ಕೇಳಿದೆ. ದಂಪತಿಗಳು ಮುಖ ಮುಖ ನೋಡಿಕೊಂಡರು. ಹಿತ್ತಲೇ ಇಲ್ಲದ ಮೇಲೆ ಬಾಗಿಲೆಲ್ಲಿಂದ ಬರಬೇಕು? ಅವರು ಹೋದ ಮೇಲೂ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ನಮ್ಮ ಕಡೆಯ ತೊಟ್ಟಿ ಮನೆಯನ್ನು ನೀವೆಲ್ಲ ನೋಡಿದ್ದೀರಿ. ನೋಡದ ಚಿಕ್ಕವರು ಸಿನಿಮಾದಲ್ಲಾದರೂ ನೋಡಿರುತ್ತೀರಿ. ನಡುವೆ ತೆರೆದ ತೊಟ್ಟಿ, ಸುತ್ತಲೂ ಕಂಬಗಳ ಪಡಸಾಲೆ, ಒಳಮುಖವಾಗಿ ಇಳಿದ ಹಂಚಿನ ಮಾಡು. ಗಾಳಿ, ಬೆಳಕು, ಮಳೆಯ ನೀರು ಎಲ್ಲವೂ ಅಲ್ಲಿಂದಲೇ. ಕಕ್ಕಸು ಮಾತ್ರ ಮನೆಯ ನಕ್ಷೆಯಲ್ಲಿ ಇರುತ್ತಲೇ ಇರಲಿಲ್ಲ. ಹಳ್ಳಿಯಲ್ಲಾದರೆ ಬಯಲು, ಪಟ್ಟಣದಲ್ಲಾದರೆ ಹಿತ್ತಲಿನ ಕಟ್ಟಕಡೆಯ ಮೂಲೆ.

ಎಂಟನೆಯ ತರಗತಿಗೆ ಪ್ರತಿ ವರ್ಷವೂ ಸಿಂಧೂ ನಾಗರಿಕತೆಯ ಪಾಠ ಮಾಡುತ್ತಿದ್ದೆನಷ್ಟೆ. ಮೊಹೆಂಜೊದಾರೊವಿನ ಮನೆಗಳಿಗೂ ನಡುವೆ ಅಂಗಳವಿತ್ತು. ಆದರೆ ಅವರು ಸ್ನಾನದ ಕೋಣೆಯನ್ನು ಸಾಮಾನ್ಯವಾಗಿ ಬೀದಿಯ ಕಡೆಯ ಗೋಡೆಗೆ ತಾಗಿಸಿ ಕಟ್ಟುತ್ತಿದ್ದರು. ಕೊಳೆನೀರು ನೇರವಾಗಿ ಬೀದಿಯ ಮುಚ್ಚಿದ ಚರಂಡಿಗೆ ಸೇರುತ್ತಿತ್ತು. ನಾಲ್ಕೂವರೆ ಸಾವಿರ ವರ್ಷಗಳ ಹಿಂದೆ ಇಟ್ಟಿಗೆಯ ಚರಂಡಿ ಮಾಡುತ್ತಿದ್ದ ಕೆಲಸವನ್ನು ನಮ್ಮ ಊರುಗಳಲ್ಲಿ ಮನುಷ್ಯರಿಂದ ಮಾಡಿಸಿದೆವು. ಪಾಠ ಮಾಡುವಾಗ ಈ ಮಾತನ್ನು ನಾನು ಹೇಳಲಿಲ್ಲ. ಪಠ್ಯದಲ್ಲಿ ಇರಲಿಲ್ಲ ಎಂಬುದು ನೆಪ.

ನಗರದ ಚಿಕ್ಕ ಮನೆಯ ನಕ್ಷೆ ನಮ್ಮಲ್ಲಿ ರೂಪುಗೊಂಡದ್ದರಲ್ಲಿ ಪ್ಲೇಗಿನ ಪಾತ್ರ ದೊಡ್ಡದು. 1898ರ ಆಗಸ್ಟ್ ತಿಂಗಳಿನಲ್ಲಿ ಅದು ಬೆಂಗಳೂರನ್ನು ಪ್ರವೇಶಿಸಿತು, ಮೈಸೂರನ್ನೂ ಬಿಡಲಿಲ್ಲ. ಇಲಿಯ ಮೈಮೇಲಿನ ಚಿಗಟದಿಂದ ರೋಗ ಹರಡುತ್ತದೆಂದು ಫ್ರಾನ್ಸಿನ ವೈದ್ಯ ಪಾಲ್ ಲೂಯಿ ಸೈಮಂಡ್ ಕರಾಚಿಯಲ್ಲಿ ಕಂಡುಕೊಂಡದ್ದು ಅದೇ ವರ್ಷ. ಲೋಕ ಅದನ್ನು ಒಪ್ಪಲು ಇನ್ನೂ ಕೆಲವು ವರ್ಷಗಳು ಬೇಕಾದವು. ಒಪ್ಪಿದ ಮೇಲೆ ನಮ್ಮ ಮನೆಗಳೇ ಅಪರಾಧಿಗಳಾಗಿ ಕಂಡವು. ಒಳಗೇ ದವಸದ ಕಣಜ, ಮಣ್ಣಿನ ಗೋಡೆ, ಕತ್ತಲೆಯ ಅಟ್ಟ, ನಾಡಹೆಂಚಿನ ಸಂದು: ಇಲಿಗೆ ಇದಕ್ಕಿಂತ ಸೊಗಸಾದ ಅರಮನೆ ಬೇಕೇ? ಬೆಂಗಳೂರಿನಲ್ಲಿ ಇಂಜಿನಿಯರಾಗಿದ್ದ ಜೆ. ಎಚ್. ಸ್ಟೀಫನ್ಸ್ ಎಂಬವರು ಪ್ಲೇಗು ತಾಗದ ಹಾಗೆ ಊರನ್ನು ಯೋಜಿಸುವ ಬಗೆಗೆ 1914ರಲ್ಲಿ ಒಂದು ಪುಸ್ತಕವನ್ನೇ ಹೊರತಂದರು.

ಬೆಂಗಳೂರಿನ ಮಲ್ಲೇಶ್ವರ, ಬಸವನಗುಡಿಗಳು ಬೆಳೆದದ್ದು ಈ ಕಾಲದಲ್ಲಿ. ಮೈಸೂರಿನಲ್ಲಿ 1903ರಲ್ಲಿಯೇ ನಗರಾಭಿವೃದ್ಧಿ ಟ್ರಸ್ಟ್ ಬೋರ್ಡು ಸ್ಥಾಪನೆಯಾಗಿ ಹೊಸ ಬಡಾವಣೆಗಳು ಎದ್ದವು. ನೇರವಾದ ಬೀದಿ, ಅಳತೆಯ ನಿವೇಶನ, ಮನೆಯ ಸುತ್ತ ಖಾಲಿ ಜಾಗ, ದೊಡ್ಡ ಕಿಟಕಿ. ಇದೆಲ್ಲವನ್ನೂ ಹೊಗಳಿ ಬರೆದವರು ಬಹಳ ಮಂದಿ, ನಾನೂ ಒಪ್ಪುತ್ತೇನೆ. ಆದರೆ ಆ ನಕ್ಷೆಗಳಲ್ಲಿ ಇನ್ನೂ ಒಂದು ಗೆರೆಯಿತ್ತು. ಎರಡು ಸಾಲು ಮನೆಗಳ ಬೆನ್ನುಗಳ ನಡುವೆ ಕಿರಿದಾದ ಓಣಿ, ಜನರ ಬಾಯಲ್ಲಿ ಕನ್ಸರ್ವೆನ್ಸಿ ಗಲ್ಲಿ. ಆರೋಗ್ಯಕ್ಕಾಗಿ ಮಾಡಿದ ಈ ಓಣಿಯಲ್ಲಿ ಬರಬೇಕಾಗಿದ್ದವರು ಜಾಡಮಾಲಿಗಳು. ಕಕ್ಕಸಿನ ಹಿಂಗೋಡೆಯ ಕೆಳಗೆ ಸಣ್ಣದೊಂದು ಬಾಗಿಲು ಇರುತ್ತಿತ್ತು. ಅದನ್ನು ತೆರೆದು, ಒಳಗಿನದನ್ನು ಕೈಯಾರೆ ಬಳಿದುಕೊಂಡು, ಬುಟ್ಟಿಯಲ್ಲಿ ತುಂಬಿ ತಲೆಯ ಮೇಲೆ ಹೊತ್ತುಕೊಂಡು ಹೋಗಬೇಕಾಗಿತ್ತು. ಮುಂಬಾಗಿಲಿನಿಂದ ಬಂದ ಅತಿಥಿಗೆ ಇದಾವುದೂ ಕಾಣದಂತೆ ಮನೆಯನ್ನೂ ಬೀದಿಯನ್ನೂ ಜೋಡಿಸಲಾಗಿತ್ತು.

ನಾನು ಬೆಳೆದದ್ದು ಅಂಥದೇ ಒಂದು ಓಣಿಗೆ ಬೆನ್ನು ಮಾಡಿದ್ದ ಬಾಡಿಗೆ ಮನೆಯಲ್ಲಿ. 1960ರ ದಶಕದ ನೆನಪು. ಬೆಳಿಗ್ಗೆ ಓಣಿಯಲ್ಲಿ ತಗಡಿನ ಸದ್ದಾದರೆ, "ಒಳಗೆ ಬಾರೋ" ಎಂದು ಅಮ್ಮ ಕೂಗುತ್ತಿದ್ದರು. ಆಕೆ ಬಂದು ಹೋದ ಮೇಲೆ ಅಮ್ಮ ಒಂದು ಬಿಂದಿಗೆ ನೀರು ಸುರಿಯುತ್ತಿದ್ದರು. ಹಬ್ಬದ ಮರುದಿನ ಉಳಿದ ಅಡುಗೆಯನ್ನು ಎಲೆಯಲ್ಲಿ ಸುತ್ತಿ ಕಾಂಪೌಂಡಿನ ಮೇಲಿಟ್ಟು ದೂರ ಸರಿದು ನಿಲ್ಲುತ್ತಿದ್ದರು. ನಮ್ಮ ಅಮ್ಮ ಕರುಣಾಳು ಎಂದೇ ನಾನು ತಿಳಿದಿದ್ದೆ, ಹೌದು, ಕರುಣಾಳುವೇ. ಆಕೆಯ ಹೆಸರು ಮಾತ್ರ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಷ್ಟು ವರ್ಷ ಬಂದುಹೋದ ಹೆಂಗಸಿನ ಮುಖವೂ ನನಗೆ ನೆನಪಿಲ್ಲ. ಓಣಿ ಇದ್ದದ್ದೇ ಅದಕ್ಕಲ್ಲವೇ?

ದೇವರಾಜ ಅರಸರ ಮಂತ್ರಿಮಂಡಲದಲ್ಲಿದ್ದ ಬಿ. ಬಸವಲಿಂಗಪ್ಪನವರು 1970ರ ದಶಕದ ಆರಂಭದಲ್ಲಿ ಮಲ ಹೊರುವುದನ್ನು ನಿಷೇಧಿಸಿದರು. ಅವರ ಹೆಸರನ್ನು ಕೇಳಿದೊಡನೆ ಬಹಳ ಮಂದಿಗೆ 1973ರ ಬೂಸಾ ಗಲಾಟೆಯೊಂದೇ ನೆನಪಾಗುತ್ತದೆ. ನನ್ನ ಎಣಿಕೆಯಲ್ಲಿ ಆ ನಿಷೇಧವೇ ದೊಡ್ಡದು. ಒಣ ಕಕ್ಕಸುಗಳನ್ನು ಕಟ್ಟುವುದನ್ನೂ ಅವುಗಳನ್ನು ಮನುಷ್ಯರಿಂದ ಬಳಿಸುವುದನ್ನೂ ತಡೆಯುವ ಕೇಂದ್ರದ ಕಾಯಿದೆ ಬಂದದ್ದು 1993ರಲ್ಲಿ, ಸ್ವಾತಂತ್ರ್ಯ ಬಂದು 46 ವರ್ಷಗಳಾದ ಮೇಲೆ.

ನಾನು ಮನೆ ಕಟ್ಟಿಸಿದ್ದು ಅದರ ಹಿಂದಿನ ವರ್ಷ. 30ಕ್ಕೆ 40ರ ನಿವೇಶನ. ಒಟ್ಟು 1,200 ಚದರಡಿ. ಗ್ರಾಫ್ ಹಾಳೆಯ ಮೇಲೆ ರಾತ್ರಿಯೆಲ್ಲ ಗೆರೆ ಎಳೆದದ್ದೇ ಎಳೆದದ್ದು. ಚಿಕ್ಕದೊಂದು ತೊಟ್ಟಿ ಇರಲೇಬೇಕೆಂದು ನನ್ನ ಆಸೆ. ಸುತ್ತ ಜಾಗ ಬಿಟ್ಟರೆ ಕಟ್ಟಲು ಉಳಿಯುವುದು 24ಕ್ಕೆ 32, ಅಂದರೆ 768 ಚದರಡಿ. ಎಂಟಡಿಯ ತೊಟ್ಟಿ, ಅದರ ಸುತ್ತ ನಾಲ್ಕಡಿಯ ಪಡಸಾಲೆ ಎಂದರೆ 16ಕ್ಕೆ 16, ಅಂದರೆ 256. ಮನೆಯ ಸರಿಯಾಗಿ ಮೂರನೆಯ ಒಂದು ಪಾಲು! ನನ್ನ ಸಂಬಳಕ್ಕೆ ತೊಟ್ಟಿ ಒಗ್ಗುವುದಿಲ್ಲವೆಂದು ಲೆಕ್ಕವೇ ಹೇಳಿತು. ಹಾಲಿನ ಮೇಲೊಂದು ಗಾಜಿನ ಬೆಳಕಿಂಡಿಗೆ ತೃಪ್ತನಾದೆ.

ಕಕ್ಕಸಿನ ವಿಷಯದಲ್ಲಿ ಮಾತ್ರ ಅಮ್ಮ ಹಠ ಹಿಡಿದರು. "ದೇವರ ಮನೆ ಇರುವ ಸೂರಿನಡಿಯೇ ಅದೂ ಇರಬೇಕೇನೋ?" ನೀರು ಸುರಿದರೆ ಆಯಿತು, ಯಾರೂ ಬಳಿಯಬೇಕಾಗಿಲ್ಲ, ವಾಸನೆಯೂ ಬಾರದು ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಕೊನೆಗೆ ಆ ಕಾಲದ ಎಷ್ಟೋ ಮನೆಗಳಂತೆ ನಮ್ಮದರಲ್ಲೂ ಮಹಡಿ ಮೆಟ್ಟಿಲಿನ ಕೆಳಗೆ, ಹೊರಗಡೆಗೆ ಬಾಗಿಲಿಟ್ಟು ಕಟ್ಟಿಸಿದೆ. ಹಿತ್ತಲ ಬಾಗಿಲು ತೆರೆದು, ಮೂರು ಮೆಟ್ಟಿಲು ಇಳಿದು ಹೋಗಬೇಕು. 1998ರ ಮಳೆಗಾಲದ ಒಂದು ರಾತ್ರಿ ಅಮ್ಮ ಆ ಮೆಟ್ಟಿಲಿನ ಮೇಲೆ ಜಾರಿ ಬಿದ್ದರು. ಸೊಂಟದ ಮೂಳೆ ಮುರಿಯಿತು. ಆಸ್ಪತ್ರೆಯಿಂದ ಬರುವಷ್ಟರಲ್ಲಿ, ಅವರ ಕೋಣೆಯ ಮೂಲೆಯಲ್ಲಿ ಐದಕ್ಕೆ ನಾಲ್ಕಡಿಯ ಗೋಡೆ ಎಬ್ಬಿಸಿ ಕಮೋಡು ಕೂರಿಸಿದ್ದೆ. ಅಮ್ಮ ಮರುಮಾತಾಡಲಿಲ್ಲ. ಮುಂದೆ ಆರು ವರ್ಷ ಬದುಕಿದ್ದರು. ಕೊನೆಯ ಎರಡು ವರ್ಷ ಶುಚಿ ಮಾಡಿದವಳು ನನ್ನ ಹೆಂಡತಿ, ಆಕೆಗೆ ಆಗದ ದಿನ ನಾನು. ಓಣಿಯ ಆ ಹೆಂಗಸಿನ ನೆನಪು ನನಗೆ ಗಟ್ಟಿಯಾಗಿ ಬಂದದ್ದು ಆಗಲೇ.

ಆದ್ದರಿಂದ ಮತ್ತೊಂದು ಭಾನುವಾರ ಹುಡುಗನನ್ನು ನಕ್ಷೆಯೊಡನೆ ಕರೆಸಿದೆ. ಹಿತ್ತಲ ಬಾಗಿಲು ಬೇಡವೆಂದೇ ಒಪ್ಪಿಕೊಂಡೆ. ಮೊದಲ ಸಲ ನಾನು ಗಮನಿಸದ ಇನ್ನೊಂದು ಸಂಗತಿಯಿತ್ತು. ಆ ಬಡಾವಣೆಗೆ ಒಳಚರಂಡಿ ಇನ್ನೂ ಬಂದಿಲ್ಲ. ಸೆಪ್ಟಿಕ್ ಟ್ಯಾಂಕನ್ನು ಮನೆಯ ಹಿಂದಿನ ಮೂರಡಿ ಜಾಗದಲ್ಲಿ, ನೀರಿನ ಸಂಪನ್ನು ಮುಂದುಗಡೆ ಗುರುತಿಸಿದ್ದರು. ಪಕ್ಕದಲ್ಲಿ ಓಡಾಡಲು ದಾರಿಯಿಲ್ಲ. "ಟ್ಯಾಂಕು ತುಂಬಿದಾಗ ಏನು ಮಾಡುತ್ತೀಯೆ?" ಎಂದೆ.

"ಸಕ್ಕಿಂಗ್ ಯಂತ್ರದ ಲಾರಿ ಬರುತ್ತದೆ ಸಾರ್."

"ಅದರ ಪೈಪು ಹೇಗೆ ಹಿಂದಕ್ಕೆ ಹೋಗುತ್ತದೆ? ನಿಮ್ಮ ಹಾಲಿನ ಸೋಫಾ ದಾಟಿಕೊಂಡೇ?"

ಹುಡುಗ ನಕ್ಕನು, ಅವನ ಹೆಂಡತಿ ನಗಲಿಲ್ಲ, ಯೋಚಿಸಿದಳು. ಪೈಪು ತಲುಪದ ಕಡೆ ಏನಾಗುತ್ತದೆಂದು ಪತ್ರಿಕೆ ಓದುವವರಿಗೆಲ್ಲ ಗೊತ್ತು: ಯಾರನ್ನಾದರೂ ಕರೆದು, ದುಡ್ಡು ಕೊಟ್ಟು, ಒಳಗೆ ಇಳಿಸುತ್ತಾರೆ. ಒಳಗಿನ ವಿಷಾನಿಲಕ್ಕೆ ಒಬ್ಬ ಕುಸಿದರೆ, ಎತ್ತಲು ಇಳಿದ ಇನ್ನೊಬ್ಬನೂ ಉಳಿಯುವುದಿಲ್ಲ. 2013ರ ಕಾಯಿದೆ ಇದನ್ನು ನಿಷೇಧಿಸಿದೆ, ಸಾವುಗಳು ನಿಂತಿಲ್ಲ.

ಪೆನ್ಸಿಲ್ ತೆಗೆದುಕೊಂಡು ಎರಡನ್ನೂ ಅದಲುಬದಲು ಮಾಡಿದೆ. ಸಂಪು ಹಿಂದಕ್ಕೆ, ಟ್ಯಾಂಕು ಮುಂದಕ್ಕೆ, ಸ್ಕೂಟರ್ ನಿಲ್ಲಿಸುವ ಜಾಗದ ಕೆಳಗೆ; ಮುಚ್ಚಳ ಗೇಟಿನಿಂದ ನಾಲ್ಕಡಿ. ಲಾರಿ ಬೀದಿಯಲ್ಲೇ ನಿಂತು ಕೆಲಸ ಮುಗಿಸಬಹುದು. ಹುಡುಗಿಯ ತಾಯಿ ವಾಸ್ತುವಿಗೆ ವಿರೋಧವೆಂದಾರು ಎಂಬ ಅಳುಕು ಅವರಿಗಿತ್ತು. ಪಶ್ಚಿಮಕ್ಕೆ ಮುಖ ಮಾಡಿದ ನಿವೇಶನವಾದ್ದರಿಂದ ಸಂಪು ತಾನಾಗಿ ಈಶಾನ್ಯಕ್ಕೆ, ಟ್ಯಾಂಕು ವಾಯವ್ಯಕ್ಕೆ ಬಂದಿತ್ತು. ವಾಸ್ತುವಿನ ಮೇಲೆ ನನಗೆ ನಂಬಿಕೆಯಿಲ್ಲ, ಆದರೆ ಅಂದು ಅದರ ಸಹಾಯವನ್ನು ಬೇಡವೆನ್ನಲಿಲ್ಲ. ಮುಂದಿನ ವಾರ ಪಾಯ ತೆಗೆಯುತ್ತಾರಂತೆ, ಬರಬೇಕೆಂದು ಹೇಳಿದ್ದಾರೆ.