ಇಟಲಿಯಲ್ಲಿ ಸಮನ್ವಯ ಶಿಕ್ಷಣದ ಇತಿಹಾಸ

ತೀವ್ರ ವೈಕಲ್ಯವುಳ್ಳವರೂ ಸೇರಿದಂತೆ ಎಲ್ಲ ಮಕ್ಕಳೂ ಸಾಮಾನ್ಯ ಶಾಲೆಯ ಒಂದೇ ತರಗತಿಯಲ್ಲಿ ಕಲಿಯುವ ವ್ಯವಸ್ಥೆ ಇಟಲಿಯಲ್ಲಿ 1970ರ ದಶಕದಿಂದ ಕಾನೂನಿನ ಮೂಲಕ ಹಂತಹಂತವಾಗಿ ಜಾರಿಗೆ ಬಂತು. ವಿಶೇಷ ಶಾಲೆಗಳನ್ನು ಇಷ್ಟು ವ್ಯಾಪಕವಾಗಿ ಕೈಬಿಟ್ಟ ದೇಶಗಳು ವಿರಳ.

ಹಿನ್ನೆಲೆ: ವೈದ್ಯೆ ಮರಿಯಾ ಮಾಂಟೆಸ್ಸರಿ (1870–1952) ರೋಮ್‌ನ ಮಾನಸಿಕ ಆಸ್ಪತ್ರೆಯಲ್ಲಿ ಇರಿಸಿದ್ದ ಬೌದ್ಧಿಕ ವೈಕಲ್ಯದ ಮಕ್ಕಳನ್ನು ಕಂಡು, ಅವರಿಗೆ ಚಿಕಿತ್ಸೆಗಿಂತ ಶಿಕ್ಷಣವೇ ಮುಖ್ಯವೆಂದು ವಾದಿಸಿದರು. ಫ್ರೆಂಚ್ ವೈದ್ಯರಾದ ಇಟಾರ್ ಮತ್ತು ಸೆಗ್ಯಾಂ ಅವರ ಕೆಲಸವನ್ನು ಮುಂದುವರಿಸಿ, ಮುಟ್ಟಿ ನೋಡಿ ಕಲಿಯುವ ಪರಿಕರಗಳನ್ನು ರೂಪಿಸಿದರು. 1907ರಲ್ಲಿ ರೋಮ್‌ನ ಸಾನ್ ಲೊರೆಂಜೊ ಬಡಾವಣೆಯಲ್ಲಿ ತೆರೆದ ‘ಮಕ್ಕಳ ಮನೆ’ಯಲ್ಲಿ ಇದೇ ಕ್ರಮ ಇತರ ಮಕ್ಕಳಿಗೂ ಒದಗಿತು. ಮಕ್ಕಳೇ ಎತ್ತಿಡಬಲ್ಲ ಹಗುರವಾದ ಮೇಜು-ಕುರ್ಚಿ, ಓಡಾಡುವ ಸ್ವಾತಂತ್ರ್ಯ, ತಮ್ಮದೇ ವೇಗದ ಕಲಿಕೆ ಇವು ಇಲ್ಲಿಂದ ಲೋಕವಿಡೀ ಹಬ್ಬಿದವು. ಯಾರಿಗಾಗಿ ಈ ಕ್ರಮ ಹುಟ್ಟಿತೋ ಆ ಮಕ್ಕಳು ಮಾತ್ರ ಸಾಮಾನ್ಯ ಶಾಲೆಯ ಹೊರಗೇ ಉಳಿದರು.

ಪ್ರತ್ಯೇಕ ಶಿಕ್ಷಣದ ಕಾಲ: 1923ರ ಶಿಕ್ಷಣ ಸುಧಾರಣೆ ಅಂಧ ಮತ್ತು ಕಿವುಡ ಮಕ್ಕಳಿಗೂ ಶಿಕ್ಷಣವನ್ನು ಕಡ್ಡಾಯಗೊಳಿಸಿತು, ಆದರೆ ಕಲಿಕೆ ನಡೆದದ್ದು ಪ್ರತ್ಯೇಕ ಸಂಸ್ಥೆಗಳಲ್ಲಿ. 1962ರ ಮಾಧ್ಯಮಿಕ ಶಾಲಾ ಕಾನೂನು ಕೂಡ ಹೊಂದಿಕೊಳ್ಳಲಾಗದ ಮಕ್ಕಳಿಗೆ ಬೇರೆ ತರಗತಿ ನಡೆಸಲು ಅವಕಾಶ ಕೊಟ್ಟಿತು. 1967ರಲ್ಲಿ ಪಾದ್ರಿ ಲೊರೆಂಜೊ ಮಿಲಾನಿ ಅವರ ಬಾರ್ಬಿಯಾನಾ ಶಾಲೆಯ ವಿದ್ಯಾರ್ಥಿಗಳು ಬರೆದ ‘ಶಿಕ್ಷಕಿಗೊಂದು ಪತ್ರ’ ಬಡವರ ಮಕ್ಕಳನ್ನು ಹೊರದಬ್ಬುವ ಶಾಲೆಯನ್ನು ಕಟುವಾಗಿ ಪ್ರಶ್ನಿಸಿತು. ಮನೋವೈದ್ಯ ಫ್ರಾಂಕೊ ಬಸಾಲ್ಯ ಅವರ ಚಳವಳಿ ಮಾನಸಿಕ ಆಸ್ಪತ್ರೆಗಳನ್ನೇ ಮುಚ್ಚಬೇಕೆಂದಿತು. ಬೇರ್ಪಡಿಸುವುದು ಅನ್ಯಾಯ ಎಂಬ ಅಭಿಪ್ರಾಯ ಹೀಗೆ ಬಲಗೊಂಡಿತು.

ಕಾನೂನುಗಳು: 1971ರ 118ನೇ ಕಾನೂನು ವಿಕಲಚೇತನ ಮಕ್ಕಳಿಗೆ ಸಾಮಾನ್ಯ ತರಗತಿಯ ಬಾಗಿಲು ತೆರೆಯಿತು, ತೀವ್ರ ವೈಕಲ್ಯವುಳ್ಳವರನ್ನು ಮಾತ್ರ ಹೊರಗಿಟ್ಟಿತು. ಮಕ್ಕಳನ್ನು ಒಳಗೆ ಕರೆದು, ಕಲಿಸುವ ರೀತಿಯನ್ನು ಬದಲಿಸದಿದ್ದರೆ ಫಲವಿಲ್ಲ ಎಂಬುದು ಬೇಗನೆ ಅರಿವಾಯಿತು. 1977ರ 517ನೇ ಕಾನೂನು ಇದಕ್ಕೆ ಉತ್ತರ. ಅದು ಪ್ರತ್ಯೇಕ ತರಗತಿಗಳನ್ನು ರದ್ದುಮಾಡಿ, ತರಬೇತಾದ ಸಹಾಯಕ ಶಿಕ್ಷಕರನ್ನು ಒದಗಿಸಿತು. ವಿಕಲಚೇತನ ಮಗುವಿರುವ ತರಗತಿಗೆ 20 ವಿದ್ಯಾರ್ಥಿಗಳ ಮಿತಿ ಹಾಕಿತು. ಒಂದೇ ತರಗತಿಯ ಅಥವಾ ಬೇರೆ ಬೇರೆ ತರಗತಿಗಳ ಮಕ್ಕಳನ್ನು ಗುಂಪುಗೂಡಿಸಿ ಕಲಿಸಲು ಅನುಮತಿ ನೀಡಿ, ಅಂಕಗಳ ಬದಲು ಮಗುವಿನ ಪ್ರಗತಿಯನ್ನು ವಿವರಿಸುವ ದಾಖಲೆಯನ್ನು ತಂದಿತು. ಮಗುವಿಗೆ ತಕ್ಕಂತೆ ತರಗತಿಯೇ ಬದಲಾಗಬೇಕೆಂಬ ತತ್ತ್ವ ಇಲ್ಲಿ ಕಾನೂನಾಯಿತು.

1987ರಲ್ಲಿ ಸಾಂವಿಧಾನಿಕ ನ್ಯಾಯಾಲಯ ಪ್ರೌಢಶಾಲೆಯ ಉನ್ನತ ಹಂತದಲ್ಲೂ ಸಾಮಾನ್ಯ ತರಗತಿಯಲ್ಲಿ ಕಲಿಯುವ ಹಕ್ಕನ್ನು ಖಚಿತಪಡಿಸಿತು. 1992ರ 104ನೇ ಕಾನೂನು ಶಿಶುವಿಹಾರದಿಂದ ವಿಶ್ವವಿದ್ಯಾಲಯದವರೆಗೆ ಅದನ್ನು ವಿಸ್ತರಿಸಿ, ವೈಕಲ್ಯ ಎಷ್ಟೇ ಇದ್ದರೂ ಶಿಕ್ಷಣ ನಿರಾಕರಿಸುವಂತಿಲ್ಲ ಎಂದಿತು. ಅದರಂತೆ ಪ್ರತಿ ವಿಕಲಚೇತನ ಮಗುವಿಗೂ ವೈಯಕ್ತಿಕ ಶಿಕ್ಷಣ ಯೋಜನೆ ಸಿದ್ಧವಾಗಬೇಕು. ಸಹಾಯಕ ಶಿಕ್ಷಕರು ಒಂದು ಮಗುವಿಗಷ್ಟೇ ಅಲ್ಲ, ಇಡೀ ತರಗತಿಗೆ ಹೊಣೆಗಾರರು. ವೆಚ್ಚ ತಗ್ಗಿಸಲು ಸಹಾಯಕ ಶಿಕ್ಷಕರ ಸಂಖ್ಯೆಗೆ ಹಾಕಿದ್ದ ಮಿತಿ ತೀವ್ರ ವೈಕಲ್ಯದ ಮಕ್ಕಳಿಗೂ ಅನ್ವಯವಾದಾಗ, 2010ರಲ್ಲಿ ಸಾಂವಿಧಾನಿಕ ನ್ಯಾಯಾಲಯ ಅದನ್ನು ಅಸಿಂಧುಗೊಳಿಸಿತು.

ಮೌಲ್ಯಮಾಪನ: ಇಂದು ಇಟಲಿಯ ಬಹುತೇಕ ಎಲ್ಲ ವಿಕಲಚೇತನ ಮಕ್ಕಳು ಸಾಮಾನ್ಯ ತರಗತಿಗಳಲ್ಲಿದ್ದಾರೆ. ಆದರೆ ವಿಶೇಷ ತರಬೇತಿಯಿಲ್ಲದ ಸಹಾಯಕ ಶಿಕ್ಷಕರು ಅನೇಕರಿದ್ದಾರೆ. ಅವರು ವರ್ಷವರ್ಷವೂ ಬದಲಾಗುವುದರಿಂದ ಮಗುವಿನ ಕಲಿಕೆ ಕಡಿದುಹೋಗುತ್ತದೆ. ಕೆಲವೆಡೆ ಮಗುವನ್ನು ಬೇರೆ ಕೋಣೆಗೆ ಕರೆದೊಯ್ದು ಕಲಿಸುವ ರೂಢಿ ಕಾನೂನಿನ ಆಶಯಕ್ಕೇ ವಿರುದ್ಧವಾದುದು. ಪ್ರವೇಶದ ಹಕ್ಕನ್ನು ಇಟಲಿ ಗೆದ್ದುಕೊಟ್ಟಿದೆ. ತರಬೇತಾದ, ಸ್ಥಿರವಾದ ಶಿಕ್ಷಕರನ್ನು ಕೊಟ್ಟಾಗಲೇ ಆ ಹಕ್ಕು ಪೂರ್ಣವಾಗುತ್ತದೆ.