ದೇವರಾಯ ಕೊಟ್ಟ ಬೀಸಣಿಗೆ

ಇರಾನಿನ ಶಿರಾಜಿನಲ್ಲಿ, ಹಾಫಿಜ್ ಕವಿಯ ಸಮಾಧಿಯ ಮುಂದೆ ಟ್ಯಾಕ್ಸಿ ನಿಂತಿತು. ಎಷ್ಟಾಯಿತು ಎಂದು ಕೇಳಿದೆ. ಚಾಲಕ ಎದೆಯ ಮೇಲೆ ಕೈಯಿಟ್ಟು, ತಲೆಬಾಗಿ, "ಘಾಬೆಲಿ ನದಾರೆ" ಎಂದ. ಊರು ಬಿಡುವ ಮೊದಲು ಬಾಯಿಪಾಠ ಮಾಡಿಕೊಂಡಿದ್ದ ಹತ್ತಿಪ್ಪತ್ತು ಫಾರಸಿ ಮಾತುಗಳಲ್ಲಿ ಇದೂ ಒಂದು: ನಿಮ್ಮ ಮುಂದೆ ಅದೇನು ಮಹಾ, ಬಿಡಿ. ದೂರದಿಂದ ಬಂದವನೆಂದು ದುಡ್ಡೇ ಬೇಡವೆನ್ನುತ್ತಿದ್ದಾನಲ್ಲ ಎಂದು ನನಗೆ ಕಣ್ಣು ತುಂಬಿಬಂತು. ಕೈಕುಲುಕಿ, ನಾಲ್ಕು ಸಲ ‘ಮೆರ್ಸಿ’ ಹೇಳಿ ಇಳಿದೆ. ಗೇಟು ಮುಟ್ಟುವಷ್ಟರಲ್ಲಿ ಹಿಂದಿನಿಂದ ಓಡಿಬರುವ ಸದ್ದು. ಅವನೇ. ಪಾಪ, ಅವನ ಮುಖ ನನ್ನದಕ್ಕಿಂತ ಕೆಂಪಾಗಿತ್ತು.

ಟಿಕೆಟಿಗೆ ಸಾಲಿನಲ್ಲಿ ನಿಂತಿದ್ದ ಹಿರಿಯ ಹೆಂಗಸೊಬ್ಬರು ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದರು. ಇದಕ್ಕೆ ‘ತಾರೋಫ್’ ಎನ್ನುತ್ತಾರೆ. ಅವನು ಬೇಡ ಎನ್ನಬೇಕು, ನಾನು ತೆಗೆದುಕೊಳ್ಳಲೇಬೇಕು ಎನ್ನಬೇಕು. ಎರಡು ಮೂರು ಸುತ್ತು ಹೀಗೆ ನಡೆದ ಮೇಲೆ ಅವನು ಒಲ್ಲದ ಮನಸ್ಸಿನಿಂದ ಎಂಬಂತೆ ತೆಗೆದುಕೊಳ್ಳುತ್ತಾನೆ. ಸಂಜೆ ಏಳೂವರೆಗೆ ಬಾಗಿಲಲ್ಲಿ ನಿಂತು ‘ಊಟ ಮಾಡ್ಕೊಂಡೇ ಹೋಗಿ’ ಎನ್ನುವವರಿಗೆ, ಹಸಿದ ಹೊಟ್ಟೆಯಲ್ಲೇ ‘ಅಯ್ಯೋ ಈಗಷ್ಟೇ ಆಯ್ತು’ ಎಂದು ಉತ್ತರಿಸುವ ಊರಿನವನು ನಾನು. ನನಗೆ ಇದು ಹೊಳೆಯಬೇಕಿತ್ತು.

ಹಾಫಿಜನೂ ನಮ್ಮ ಕಡೆಗೆ ಬರಬೇಕಾಗಿದ್ದವನೇ. ಬಹಮನಿ ಸುಲ್ತಾನ ಅವನನ್ನು ಕಲಬುರಗಿಗೆ ಕರೆಸಿದ್ದ, ಕವಿ ಹೋರ್ಮುಜ್‌ವರೆಗೆ ಬಂದು ಹಡಗು ಹತ್ತಿದ, ಬಿರುಗಾಳಿ ಎದ್ದದ್ದೇ ಇಳಿದು ಮನೆಗೆ ಹೋದ ಎಂದು ಫಿರಿಷ್ತ ಕಥೆ ಹೇಳುತ್ತಾನೆ. ಸಮಾಧಿಯ ಮೆಟ್ಟಿಲ ಮೇಲೆ ಕುಳಿತು, ಕಿವಿಯ ಬಿಸಿ ಇಳಿಯಲೆಂದು ಕಾಯುತ್ತಿದ್ದಾಗ ನನಗೆ ನೆನಪಾದದ್ದು ಮಾತ್ರ ಅದೇ ಹೋರ್ಮುಜ್‌ನಲ್ಲಿ ಹಡಗು ಹತ್ತಿ, ಮನೆಗೆ ಹಿಂದಿರುಗದೆ ಬಂದ ಇನ್ನೊಬ್ಬ ಫಾರಸಿ ಬರಹಗಾರ.

ಅಬ್ದುಲ್ ರಜಾಕ್ ನಮಗೆಲ್ಲ ಗೊತ್ತಿರುವುದು ಎರಡು ಅಂಕದ ಪ್ರಶ್ನೆಯ ಉತ್ತರವಾಗಿ: ವಿಜಯನಗರಕ್ಕೆ ಬಂದು ಅದರ ವೈಭವವನ್ನು ಹೊಗಳಿದ ರಾಯಭಾರಿ. ಅವನ ಬರಹವನ್ನು ಇಡಿಯಾಗಿ ಓದಿದಾಗ ನನಗೆ ಸಿಕ್ಕಿದ್ದು ಬೇರೆಯೇ ಮನುಷ್ಯ. 1413ರಲ್ಲಿ ಹೆರಾತಿನಲ್ಲಿ ಹುಟ್ಟಿದವನು, ತೈಮೂರನ ಮಗ ಶಾರುಖ್‌ನ ಆಸ್ಥಾನಿಕ. 1442ರಲ್ಲಿ ಹೊರಟಾಗ ಮೂವತ್ತೂ ತುಂಬಿರಲಿಲ್ಲ. ಹಡಗಿನ ವಾಸನೆ ಮೂಗಿಗೆ ಬಡಿದದ್ದೇ, ಸಮುದ್ರದ ಭಯವೂ ಸೇರಿ, ಮೂರು ದಿನ ಎಚ್ಚರ ತಪ್ಪಿ ಬಿದ್ದಿದ್ದೆ, ಉಸಿರೊಂದು ಬಿಟ್ಟರೆ ಜೀವವಿರುವ ಗುರುತೇ ಇರಲಿಲ್ಲ ಎಂದು ತಾನೇ ಬರೆದುಕೊಳ್ಳುತ್ತಾನೆ. ಜಗತ್ತನ್ನೇ ನಡುಗಿಸಿದ ವಂಶದ ರಾಯಭಾರಿ ಹೇಳಿಕೊಳ್ಳುವ ಮಾತೇ ಇದು? ದಾರಿಯಲ್ಲಿ ಅವನ ಅಣ್ಣ ಕಾಯಿಲೆಯಿಂದ ತೀರಿಕೊಂಡ. ಅದನ್ನು ಬರೆಯುವಾಗ ಅವನ ಅಲಂಕಾರದ ಗದ್ಯವೂ ಸ್ವಲ್ಪ ತಡವರಿಸುತ್ತದೆ.

ಅವನೇನೂ ವಿನಯದ ಮೂರ್ತಿಯಲ್ಲ. ಮೊದಲು ಇಳಿದ ಕಲ್ಲಿಕೋಟೆಯಲ್ಲಿ ಅರೆಬೆತ್ತಲೆ ಜನರನ್ನು ಕಂಡು ಅವನು ಬರೆದ ಮಾತುಗಳು ಇಂದು ಓದಲು ಹಿತವಾಗಿಲ್ಲ. ಅಲ್ಲಿನ ಸಾಮೂದಿರಿ ಅರಸನ ಮುಂದೆ ಕುದುರೆ, ಜರಿಯ ನಿಲುವಂಗಿ ಮುಂತಾದ ಕಾಣಿಕೆ ಇಟ್ಟ. ಅರಸನಿಗೆ ಅದು ಅಷ್ಟೇನೂ ಹಿಡಿಸಲಿಲ್ಲ, ತಕ್ಕ ಮರ್ಯಾದೆ ಸಿಗಲಿಲ್ಲ ಎಂಬುದನ್ನೂ ಬರೆಯುತ್ತಾನೆ. ತಿಂಗಳುಗಟ್ಟಲೆ ಅಲ್ಲೇ ಕೊಳೆತ. ಕೊನೆಗೆ ವಿಜಯನಗರದಿಂದ ಕರೆ ಬಂತು. ಮಂಗಳೂರು, ಬಿದನೂರು ದಾಟಿ 1443ರ ಏಪ್ರಿಲ್ ಕೊನೆಗೆ ರಾಜಧಾನಿ ತಲುಪಿದ.

ಏಪ್ರಿಲ್ ಕೊನೆಯಲ್ಲಿ ಹಂಪಿಗೆ ಹೋದವರಿಗೆ ಮುಂದಿನದನ್ನು ಹೇಳಬೇಕಾಗಿಲ್ಲ. ಬಂಡೆಗಳು ಬೆಳಗಿನಿಂದ ಕುಡಿದ ಬಿಸಿಲನ್ನು ರಾತ್ರಿಯವರೆಗೂ ಉಗುಳುತ್ತಿರುತ್ತವೆ. ಅಂಥ ಊರಿಗೆ ಬಂದ ಕೆಲವೇ ದಿನಗಳಲ್ಲಿ ದರ್ಬಾರಿಗೆ ಕರೆ. ಹೆರಾತಿನ ರೂಢಿಯಂತೆ ರಾಯಭಾರಿ ಒಂದರ ಮೇಲೊಂದು ನಿಲುವಂಗಿ ತೊಟ್ಟು ಹೊರಟ. ಜೊತೆಗೆ ಐದು ಕುದುರೆ, ಎರಡು ತಟ್ಟೆ ತುಂಬ ರೇಷ್ಮೆ ಬಟ್ಟೆ. ನಲವತ್ತು ಕಂಬಗಳ ಮಂಟಪದಲ್ಲಿ ಇಮ್ಮಡಿ ದೇವರಾಯ ಹಸಿರು ರೇಷ್ಮೆಯುಟ್ಟು, ಕೊರಳಲ್ಲಿ ಮುತ್ತಿನ ಹಾರ ಹಾಕಿಕೊಂಡು ಕುಳಿತಿದ್ದ. ರಾಯಭಾರಿ ಶಾರುಖ್‌ನ ಪತ್ರ ಒಪ್ಪಿಸಿದ. ದುಭಾಷಿಯ ಮೂಲಕ ಮಾತು ನಡೆಯಿತು. ಬಟ್ಟೆಯ ಭಾರಕ್ಕೂ ಸೆಕೆಗೂ ಅವನು ಬೆವರಿನಲ್ಲಿ ಮುಳುಗಿಹೋಗಿದ್ದ. ಅದನ್ನು ಕಂಡು ಮರುಕಗೊಂಡ ದೇವರಾಯ ತನ್ನ ಕೈಯಲ್ಲಿದ್ದ ಚೀನಾದೇಶದ ಬೀಸಣಿಗೆಯನ್ನೇ ಅವನಿಗೆ ಕೊಟ್ಟುಬಿಟ್ಟ.

ಇದಿಷ್ಟನ್ನು ಅವನು ಬರೆಯದೆ ಬಿಟ್ಟಿದ್ದರೂ ನಡೆಯುತ್ತಿತ್ತು. ಅವನದು ತೈಮೂರರ ಕಾಲದ ಇತಿಹಾಸ, ಓದುವವರು ಹೆರಾತಿನ ದೊಡ್ಡವರು. ಅವರ ಕಣ್ಣೆದುರು ತಮ್ಮ ರಾಯಭಾರಿ ಪರರ ಸಭೆಯಲ್ಲಿ ತೊಟ್ಟಿಕ್ಕುತ್ತ ನಿಂತದ್ದು ಬರಬೇಕಾಗಿರಲಿಲ್ಲ. ಬರೆದದ್ದರಿಂದ ನಮಗೊಬ್ಬ ದೇವರಾಯ ಸಿಕ್ಕಿದ. ಶಾಸನಗಳು ಅವನನ್ನು ‘ಗಜಬೇಂಟೆಕಾರ’ ಎನ್ನುತ್ತವೆ. ಬೆವರಿದ ಪರದೇಶಿಯ ಕಷ್ಟ ಕಂಡು ಕೈಯಲ್ಲಿದ್ದುದನ್ನು ಕೊಟ್ಟವನು ಎಂದು ಯಾವ ಕಲ್ಲಿನ ಮೇಲೂ ಕೆತ್ತುವುದಿಲ್ಲ.

ಇನ್ನೊಂದು ಇರುಸುಮುರುಸೂ ಇತ್ತು, ಅದು ಅರಸನದು. ಬಂದ ದೂತನನ್ನು ಪಂಕ್ತಿಯಲ್ಲಿ ಕೂರಿಸಿ ಉಣಿಸುವುದು ಅವರ ಕಡೆಯ ಪದ್ಧತಿ. ಇಲ್ಲಿನ ಮಡಿಗೆ ಅದು ಆಗದ ಮಾತು. ದೇವರಾಯ ಇದನ್ನು ಮುಚ್ಚಿಡಲಿಲ್ಲ. ನಿಮ್ಮ ಅರಸರು ಹಾಗೆ ಮಾಡುತ್ತಾರೆಂದು ಬಲ್ಲೆ, ನಾವು ನೀವು ಜೊತೆಗೆ ಉಣ್ಣುವಂತಿಲ್ಲವಲ್ಲ, ಈ ಹೊನ್ನಿನ ಚೀಲವೇ ಔತಣವೆಂದು ತಿಳಿಯಿರಿ ಎಂಬರ್ಥದಲ್ಲಿ ಹೇಳಿದನಂತೆ. ಜೊತೆಗೆ ವೀಳ್ಯ, ಕರ್ಪೂರ. ವೀಳ್ಯಕ್ಕಂತೂ ನಮ್ಮ ರಾಯಭಾರಿ ಸೋತೇಹೋದ. ಅದರ ಗುಣಗಾನಕ್ಕೇ ಒಂದಷ್ಟು ಸಾಲು ಮೀಸಲಿಟ್ಟಿದ್ದಾನೆ.

ಎಲ್ಲವೂ ಚೆನ್ನಾಗಿ ಮುಗಿಯಲಿಲ್ಲ. ಇವನು ಶಾರುಖ್ ಕಳಿಸಿದ ನಿಜವಾದ ದೂತನೇ ಅಲ್ಲ ಎಂದು ಹೋರ್ಮುಜ್‌ನ ವರ್ತಕರು ಗುಲ್ಲೆಬ್ಬಿಸಿದರು. ದಣ್ಣಾಯಕ ದಂಡೆತ್ತಿ ಹೋಗಿದ್ದಾಗ ಅವನ ಜಾಗದಲ್ಲಿದ್ದವನು ದಿನದ ಪಡಿಯನ್ನೇ ನಿಲ್ಲಿಸಿದ. ಬೀಳ್ಕೊಡುವಾಗ ಅರಸನೇ ಆ ಗುಲ್ಲಿನ ವಿಷಯ ಎತ್ತಿದ, ಇಲ್ಲದಿದ್ದರೆ ಇನ್ನೂ ಹೆಚ್ಚು ಮನ್ನಣೆ ಸಿಗುತ್ತಿತ್ತು ಎಂದ. ಅಷ್ಟು ದೂರ ಬಂದು ಸುಳ್ಳುಗಾರನೆನಿಸಿಕೊಂಡು ಹೊರಟದ್ದನ್ನೂ ಅವನು ಬರೆದಿಟ್ಟಿದ್ದಾನೆ.

ಇದಾಗಿ ಐವತ್ತೈದು ವರ್ಷಕ್ಕೆ, 1498ರಲ್ಲಿ, ಅದೇ ಕಲ್ಲಿಕೋಟೆಗೆ ವಾಸ್ಕೋ ಡ ಗಾಮ ಬಂದ. ದಾರಿಯಲ್ಲಿ ಒಂದು ಹಿಂದೂ ದೇವಸ್ಥಾನವನ್ನು ಚರ್ಚು ಎಂದುಕೊಂಡು ಅವನ ಗುಂಪು ಪ್ರಾರ್ಥನೆ ಸಲ್ಲಿಸಿತು. ಗರ್ಭಗುಡಿಯೊಳಗಿನ ಮೂರ್ತಿ ಮೇರಿಮಾತೆ, ಗೋಡೆಯ ಮೇಲಿನ ಚಿತ್ರಗಳು ಸಂತರದು. ಆ ಸಂತರಿಗೆ ಕೋರೆಹಲ್ಲು, ನಾಲ್ಕೈದು ಕೈ ಇದ್ದುದನ್ನು ದಿನಚರಿ ಬರೆದವನು ಗಮನಿಸಿದ್ದಾನೆ, ಆದರೂ ಅನುಮಾನ ಬಂದಿಲ್ಲ! ಇದು ನಗುವ ತಪ್ಪೇ ಹೊರತು ಕೆಟ್ಟ ತಪ್ಪಲ್ಲ. ಕೆಟ್ಟದ್ದು ಕಾಣಿಕೆಯ ವಿಷಯದಲ್ಲಿ ಆಯಿತು. ಬಟ್ಟೆ, ಟೋಪಿ, ಕೈತೊಳೆಯುವ ಬಟ್ಟಲು, ಹವಳದ ಸರ, ಸಕ್ಕರೆ, ಎಣ್ಣೆ, ಜೇನುತುಪ್ಪ. ಸಾಮೂದಿರಿಯ ಅಧಿಕಾರಿಗಳು ನೋಡಿ ನಕ್ಕುಬಿಟ್ಟರು. ಮೆಕ್ಕಾದಿಂದ ಬರುವ ಬಡ ವ್ಯಾಪಾರಿಯೂ ಇದಕ್ಕಿಂತ ಹೆಚ್ಚು ಕೊಡುತ್ತಾನೆ ಎಂದರು. ಆ ನಗುವನ್ನು ಗಾಮ ನುಂಗಿಕೊಳ್ಳಲಿಲ್ಲ. 1502ರಲ್ಲಿ ಮರಳಿ ಬಂದವನು ಊರಿನ ಮೇಲೆ ತೋಪು ಹಾರಿಸಿದ. ನಡುವೆ ಕಬ್ರಾಲನ ಕಾಲದ ಕೊಲೆಗಳು, ಮೆಣಸಿನ ವ್ಯಾಪಾರದ ಪೈಪೋಟಿ ಎಲ್ಲ ಇದ್ದವು. ಒಂದು ನಗುವಿಗೇ ಊರು ಸುಟ್ಟಿತೆಂದು ಹೇಳಿದರೆ ಇತಿಹಾಸದ ಮೇಷ್ಟ್ರುಗಳು ನನ್ನ ಕಿವಿ ಹಿಂಡಿಯಾರು. ಆದರೂ ಅಪಮಾನದ ನೆನಪು ತೋಪಿನ ಮದ್ದಿನ ಜೊತೆ ಹಡಗಿನಲ್ಲಿ ಬಂದಿರಲಿಲ್ಲವೆಂದು ನನಗೆ ನಂಬಲಾಗುವುದಿಲ್ಲ.

ಕಾಣಿಕೆ ಹಿಡಿಸದೆ ಮುಖ ಸಣ್ಣದು ಮಾಡಿಕೊಂಡವರು ಇಬ್ಬರೂ, ಅದೂ ಒಂದೇ ಊರಿನಲ್ಲಿ. ರಜಾಕನ ಹಿಂದೆ ಹಡಗುಪಡೆ ಇರಲಿಲ್ಲ ಎಂಬುದು ನಿಜ. ಬಲವಿದ್ದಿದ್ದರೆ ಅವನೂ ಏನು ಮಾಡುತ್ತಿದ್ದನೋ. ಅವನ ಕೈಯಲ್ಲಿ ಇದ್ದದ್ದು ಲೇಖನಿ. 1444ರಲ್ಲಿ ಹೊನ್ನಾವರದಿಂದ ಹಡಗು ಹತ್ತಿ ಊರಿಗೆ ಹೋದವನು ಅದನ್ನು ತನ್ನ ಮೇಲೆಯೇ ಹರಿಯಬಿಟ್ಟ.

ಶಿರಾಜಿನಲ್ಲಿ ಕತ್ತಲಾಗಿತ್ತು. ವಾಪಸು ಹೊರಟಾಗ ನಾನು ಸಿದ್ಧನಾಗಿದ್ದೆ. ಹೋಟೆಲಿನ ಮುಂದೆ ಟ್ಯಾಕ್ಸಿ ನಿಂತದ್ದೇ ಎದೆಯ ಮೇಲೆ ಕೈಯಿಟ್ಟು, ದಯವಿಟ್ಟು ತೆಗೆದುಕೊಳ್ಳಲೇಬೇಕು, ಬೇಡ ಎನ್ನಬಾರದು ಎಂದು ಒತ್ತಾಯ ಶುರುಮಾಡಿದೆ. ಈ ಚಾಲಕ ಹುಡುಗ. ತಾರೋಫು ಗೀರೋಫು ಏನೂ ಹೇಳದೆ ಬಾಡಿಗೆ ಎಷ್ಟೆಂದು ಆಗಲೇ ಫೋನಿನಲ್ಲಿ ಒತ್ತಿ ಹಿಡಿದಿದ್ದ. ನನ್ನನ್ನು ಒಮ್ಮೆ, ಫೋನನ್ನು ಒಮ್ಮೆ ನೋಡಿದ. ಆಮೇಲೆ ಇಬ್ಬರಿಗೂ ನಗು ತಡೆಯಲಾಗಲಿಲ್ಲ.